ಹೊಲಿಗೆ ಕೋಣೆಯ ಕಟ್ಟೆ: ಮೊದಲು ಎತ್ತರ, ಬಣ್ಣ ಕೊನೆಗೆ

ಹೊಲಿಗೆಗೆ, ಸೀರೆ ಕುಚ್ಚಿಗೆ, ಆರಿ ಕಸೂತಿಗೆ ಎಂದು ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಂಡವರು ಪ್ಲೈವುಡ್ ಅಂಗಡಿಗೆ ಹೋದರೆ ಮೊದಲು ಕೈಗೆ ಸಿಗುವುದು ಸನ್‌ಮೈಕಾದ ಬಣ್ಣದ ಪುಸ್ತಕ. ಬೂದು ಬಣ್ಣವೋ, ಕೆನೆ ಬಣ್ಣವೋ, ತೇಗದ ಗೆರೆಯದ್ದೋ ಎನ್ನುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಕಟ್ಟೆ ಎಷ್ಟು ಎತ್ತರ ಇರಬೇಕು ಎಂದು ಯಾರೂ ಕೇಳುವುದಿಲ್ಲ. ಅಡುಗೆ ಕಟ್ಟೆಯದ್ದೋ ಆಫೀಸು ಟೇಬಲ್ಲಿನದ್ದೋ ಒಂದು ಅಳತೆ ಬಡಗಿಯ ಕೈಯಲ್ಲಿ ಇದ್ದೇ ಇರುತ್ತದೆ, ಅದನ್ನೇ ಕೂರಿಸಿ ಹೋಗುತ್ತಾರೆ. ಆಮೇಲೆ ಸೊಂಟ ಹಿಡಿದುಕೊಂಡರೆ ದೂರು ವಯಸ್ಸಿನ ಮೇಲೆ. ಬಣ್ಣ ಬೇಸರವಾದರೆ ಮೇಲೊಂದು ಹಾಸು ಹಾಕಿದರಾಯಿತು. ಎತ್ತರ ತಪ್ಪಿದರೆ ಇಡೀ ಕಟ್ಟೆ ಬಿಚ್ಚಬೇಕು.

ಅಳತೆ ಕಷ್ಟದ್ದೇನಲ್ಲ. ಮನೆಯೊಳಗೆ ಹೇಗೆ ಓಡಾಡುತ್ತೀರೋ ಹಾಗೇ, ಬರಿಗಾಲಾದರೆ ಬರಿಗಾಲಲ್ಲೇ, ನೆಟ್ಟಗೆ ನಿಂತು ತೋಳು ಇಳಿಬಿಟ್ಟು ಮೊಣಕೈ ಮಡಚಿ. ನೆಲದಿಂದ ಮೊಣಕೈಯ ಅಡಿಗೆ ಎಷ್ಟಿದೆ ಎಂದು ಇನ್ನೊಬ್ಬರು ಟೇಪು ಹಿಡಿಯಲಿ. 5 ಅಡಿ 2 ಇಂಚಿನವರಿಗೆ ಅದು ಸುಮಾರು 38–39 ಇಂಚು ಬರುತ್ತದೆ. ನಿಂತು ಬಟ್ಟೆ ಕತ್ತರಿಸುವುದಕ್ಕೆ ಇದರಲ್ಲಿ 3–4 ಇಂಚು ಕಳೆಯಬೇಕು, ಅಂದರೆ 35 ಇಂಚಿನ ಆಸುಪಾಸು. ನಮ್ಮ ಅಡುಗೆ ಕಟ್ಟೆಗಳು ಹೆಚ್ಚಾಗಿ 32–34 ಇಂಚು ಇರುತ್ತವೆ. ಪಾತ್ರೆಯ ಎತ್ತರ ಮೇಲೆ ಸೇರುವುದರಿಂದ ಅಲ್ಲಿ ಅದು ಸರಿ. ಬಟ್ಟೆಗೆ ಅಂಥ ಎತ್ತರವಿಲ್ಲ, ಕತ್ತರಿ ಕಟ್ಟೆಗೆ ತಾಗಿಕೊಂಡೇ ಓಡುತ್ತದೆ. ಆ ಎರಡು ಇಂಚಿಗೇ ಬೆನ್ನು ಬಾಗುತ್ತದೆ. ಟೆರಾಕೋಟಾ ಒಡವೆಗೆ ಮಣ್ಣು ನಾದುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು: ಮೈಭಾರ ಹಾಕಿ ಒತ್ತಬೇಕು, ಮೊಣಕೈಯಿಂದ 6 ಇಂಚು ಕೆಳಗಿದ್ದರೆ ಒಳ್ಳೆಯದು. ಮಣಿ ಪೋಣಿಸುವುದು, ಕುಚ್ಚು ಕಟ್ಟುವುದು ಕಣ್ಣಿನ ಕೆಲಸ. ಅದಕ್ಕೆ ಕೂತು, ಮೊಣಕೈ ಮಟ್ಟದಲ್ಲೇ ಮೇಲ್ಮೈ ಸಿಗಬೇಕು.

ಹೊಲಿಗೆ ಮೆಷಿನ್ನಿಗೆ ಬೇರೆಯೇ ಎತ್ತರ ಬೇಕು. ಇಲ್ಲಿ ಮುಖ್ಯವಾಗುವುದು ಕಟ್ಟೆಯದ್ದಲ್ಲ, ಸೂಜಿಯ ಕೆಳಗೆ ಬಟ್ಟೆ ಓಡುವ ಮಟ್ಟ. ಹಳೆಯ ಕಾಲ್ತುಳಿತದ ಮೆಷಿನ್ನುಗಳಲ್ಲಿ ತಲೆ ಹಲಗೆಯೊಳಗೆ ಇಳಿದು ಕೂತಿರುವುದರಿಂದ ಬಟ್ಟೆಯೂ ಹಲಗೆಯೂ ಒಂದೇ ಮಟ್ಟದಲ್ಲಿರುತ್ತವೆ, ನೆಲದಿಂದ ಸುಮಾರು 30 ಇಂಚು. ಈಗಿನ ಪೋರ್ಟಬಲ್ ಮೆಷಿನ್ನನ್ನು ಅದೇ ಎತ್ತರದ ಟೇಬಲ್ಲಿನ ಮೇಲೆ ಇಟ್ಟರೆ ಬಟ್ಟೆ ಇನ್ನೂ ಮೂರು ಇಂಚಿನಷ್ಟು ಮೇಲೆ ಹೋಗುತ್ತದೆ. ಕೈ ಎತ್ತಿ ಎತ್ತಿ ಭುಜ ಬಿಗಿಯುವುದು ಇದರಿಂದಲೇ. ದಾರಿ ಎರಡಿದೆ. ಮೆಷಿನ್ ಇಡುವ ಭಾಗವನ್ನು 26 ಇಂಚಿಗೆ ಇಳಿಸುವುದು ಒಂದು. 29 ಇಂಚಿನ ಕಟ್ಟೆಯಲ್ಲಿ ಮೆಷಿನ್ ಆಕಾರಕ್ಕೆ ಕಿಂಡಿ ಕತ್ತರಿಸಿ ಅದನ್ನು ಒಳಗೆ ಇಳಿಸುವುದು ಇನ್ನೊಂದು. ಎರಡನೆಯದಕ್ಕೆ ಖರ್ಚೂ ಶ್ರಮವೂ ಜಾಸ್ತಿ, ಆದರೂ ದಿನವೂ ಹೊಲಿಯುವವರು ಅದನ್ನೇ ಮಾಡಿಸುವುದು ಮೇಲು. ಬಟ್ಟೆಗೆ ಎಡಕ್ಕೂ ಹಿಂದಕ್ಕೂ ಆಸರೆ ಸಿಗುತ್ತದೆ, ರೇಷ್ಮೆ ಸೀರೆಯ ಭಾರ ಸೂಜಿಯನ್ನು ಎಳೆಯುವುದಿಲ್ಲ. ಸೂಜಿ ಮುರಿಯುವುದಕ್ಕೆ ಈ ಎಳೆತವೂ ಒಂದು ಕಾರಣ.

ಕಿಂಡಿಯ ಅಳತೆ ಪೇಪರಿನಲ್ಲಿ ನೋಡಿ ಕೊಡಬೇಡಿ. ಮೆಷಿನ್ನನ್ನೇ ಹಲಗೆಯ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಸುತ್ತು ಗೆರೆ ಎಳೆದು, ಗೆರೆಯ ಹೊರಗೆ ಸುತ್ತಲೂ 3 ಮಿ.ಮೀ ಬಿಟ್ಟು ಕತ್ತರಿಸಿ. ವೈರು ಬರುವ ಬಲಬದಿಗೆ ಒಂದೂವರೆ ಇಂಚಿನ ಕಚ್ಚು ಬೇಕು. ಕೆಳಗೆ ಮೆಷಿನ್ ಕೂರುವ ಚಿಕ್ಕ ಹಲಗೆಯನ್ನು ನಾಲ್ಕು ಮೂಲೆಗೆ ನಾಲ್ಕು 8 ಮಿ.ಮೀ ಥ್ರೆಡ್ ರಾಡಿನಿಂದ ತೂಗುಹಾಕಿದರೆ ನಟ್ಟು ತಿರುಗಿಸಿ ಎತ್ತರ ಹೊಂದಿಸಬಹುದು. ಮೊಳೆ ಹೊಡೆದು ಕೂರಿಸಿದರೆ ಮುಂದೆ ಮೆಷಿನ್ ಬದಲಾದಾಗ ಆ ಕಿಂಡಿ ಬರೀ ತೂತು. ಹಲಗೆಗೂ ಮೆಷಿನ್ನಿಗೂ ನಡುವೆ 5 ಮಿ.ಮೀ ರಬ್ಬರ್ ಹಾಸು ಇರಲಿ. ಮೊಣಕಾಲಿಗೆಂದು ಕಟ್ಟೆಯ ಕೆಳಗೆ 25 ಇಂಚು ಎತ್ತರದ, 24 ಇಂಚು ಅಗಲದ ಖಾಲಿ ಜಾಗ ಉಳಿಯಬೇಕು. ಕಪ್ಪು ತಲೆಯ ಹಳೆಯ ಮೆಷಿನ್ ಆದರೆ ಅದರ ಪೀಠ ಸುಮಾರು 14½ ಇಂಚು ಉದ್ದ, 7 ಇಂಚು ಅಗಲ. ಎಣ್ಣೆ ಹಾಕಲು ತಲೆಯನ್ನು ಹಿಂದಕ್ಕೆ ಮಗುಚಬೇಕು, ಹಾಗಾಗಿ ಗೋಡೆಗೆ ಒತ್ತಿ ಕೂರಿಸುವಂತಿಲ್ಲ.

ಇನ್ನು ಉದ್ದ, ಅಗಲ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. ಸೀರೆಯ ಫಾಲ್ ಎರಡೂವರೆ ಮೀಟರ್, 8 ಅಡಿ ಎಂದರೆ 2.44 ಮೀಟರ್. ಪೂರ್ತಿ ಉದ್ದದ ಕಟ್ಟೆ ಇದ್ದರೆ ಫಾಲನ್ನು ಹೆಚ್ಚುಕಡಿಮೆ ಒಂದೇ ಸಲ ಹರಡಿ ಪಿನ್ ಚುಚ್ಚಬಹುದು. ಅಗಲದ ವಿಷಯದಲ್ಲಿ ಯೋಚಿಸಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆ ಮಡಚಿದರೆ 22 ಇಂಚು, 2 ಅಡಿ ಅಗಲದ ಕಟ್ಟೆಗೆ ಸರಿಯಾಗುತ್ತದೆ. 58–60 ಇಂಚು ಪನ್ನದ್ದು ಮಡಚಿದರೆ 30 ಇಂಚು, ಮುಂದಿನ ಅಂಚಿನಿಂದ ಜೋತುಬಿದ್ದು ಕತ್ತರಿಸುವಾಗ ಜಾರುತ್ತದೆ. ಬ್ಲೌಸು ಮಾತ್ರ ಹೊಲಿಯುವವರಿಗೆ 24 ಇಂಚು ಧಾರಾಳ. ಚೂಡಿದಾರ, ಕುರ್ತಾ ಹೊಲಿಯುವವರಿಗೆ 30 ಇಂಚು ಬೇಕು. ಅದಕ್ಕಿಂತ ಅಗಲ ಮಾಡಿ ಗೋಡೆಗೆ ಒತ್ತಿದರೆ ಹಿಂದಿನ ಭಾಗಕ್ಕೆ ಕೈ ಎಟುಕದೆ ಅದು ಸಾಮಾನು ಒಟ್ಟುವ ಜಾಗವಾಗುತ್ತದೆ. ಅಂಬ್ರೆಲಾ ಕಟ್ ಕುರ್ತಾಕ್ಕೆ ಯಾವ ಕಟ್ಟೆಯೂ ಸಾಲದು, ನೆಲವೇ ಗತಿ.

ಒಂದು ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಸೀಳಿದರೆ ಗರಗಸ ತಿನ್ನುವ 3 ಮಿ.ಮೀ ಬಿಟ್ಟು ಎರಡು ಅಡಿ ಅಗಲದ ಎರಡು ಪಟ್ಟಿ. ಒಂದು ನಿಂತು ಕತ್ತರಿಸುವ 8 ಅಡಿ ಕಟ್ಟೆ. ಇನ್ನೊಂದರಲ್ಲಿ 5 ಅಡಿ ಮೆಷಿನ್ ಕಟ್ಟೆಗೆ, ಉಳಿದ 3 ಅಡಿ ತೂಗು ಹಲಗೆಗೂ ಗೋಡೆಯ ಶೆಲ್ಫಿಗೂ. 10ಕ್ಕೆ 10ರ ಕೋಣೆಗೆ ಎಲ್ ಆಕಾರದಲ್ಲಿ ಇಷ್ಟು ಹಿಡಿಸುತ್ತದೆ. ಎರಡರ ಎತ್ತರ ಬೇರೆ ಆದ್ದರಿಂದ ಮೂಲೆಯಲ್ಲಿ ಜೋಡಿಸುವ ತಲೆನೋವೂ ಇಲ್ಲ. 30 ಇಂಚಿನ ಕಟ್ಟೆ ಬೇಕೆಂದರೆ ಉಳಿಯುವುದು 18 ಇಂಚಿನ ಪಟ್ಟಿ. ಮೆಷಿನ್ನಿಗೆ ಅದು ಇಕ್ಕಟ್ಟು, ಇನ್ನೊಂದು ಹಾಳೆ ತರಿಸಲೇಬೇಕು.

ಹಲಗೆ ತರುವ ಮೊದಲು ಒಂದು ಕೆಲಸ: ಇದ್ದ ಟೇಬಲ್ಲಿನ ಕಾಲುಗಳ ಕೆಳಗೆ ಇಟ್ಟಿಗೆಯೋ ಮರದ ತುಂಡೋ ಕೊಟ್ಟು ಲೆಕ್ಕ ಹಾಕಿದ ಎತ್ತರಕ್ಕೆ ಏರಿಸಿ, ವಾರವಿಡೀ ಅಲ್ಲೇ ಕತ್ತರಿಸಿ ನೋಡಿ. ಒಂದು ಇಂಚು ಹೆಚ್ಚು ಕಡಿಮೆ ಮಾಡಬೇಕೆನಿಸಿದರೆ ಈಗಲೇ ಗೊತ್ತಾಗುತ್ತದೆ.

ಪ್ಲೈವುಡ್‌ನಲ್ಲಿ ಐಎಸ್ 303 ಎಂಬ ಗುರುತಿನಡಿ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯೂಆರ್ (ಕುದಿನೀರು ತಡೆಯುವುದು) ಎಂಬ ಎರಡು ದರ್ಜೆ ಇವೆ. ಐಎಸ್ 710 ಎಂಬುದು ಮರೀನ್. ಬಯಲುಸೀಮೆಯ ಒಣ ಕೋಣೆಗೆ ಬಿಡಬ್ಲ್ಯೂಆರ್ ಸಾಕು. ಕರಾವಳಿ, ಮಲೆನಾಡಿನಲ್ಲಿ, ಅದರಲ್ಲೂ ಮಳೆ ಬಡಿಯುವ ಗೋಡೆಯ ಪಕ್ಕಕ್ಕೆ, 710 ಹಾಕಿಸುವುದು ದುಂದಲ್ಲ. ಗುರುತಿಗಿಂತ ಅಂಚು ಹೆಚ್ಚು ಹೇಳುತ್ತದೆ: ನಾಲ್ಕೂ ಬದಿ ನೋಡಿ, ಪದರಗಳ ನಡುವೆ ಸೀಳು, ತೂತು ಕಂಡರೆ ಬೇಡ ಅನ್ನಿ. ಮೇಲೆಲ್ಲ ನಾಣ್ಯದಿಂದ ತಟ್ಟುತ್ತ ಹೋದಾಗ ಒಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಪದರ ಖಾಲಿ ಬಿದ್ದಿದೆ ಎಂದರ್ಥ. ಸ್ಕ್ರೂ ಅಲ್ಲಿ ಹಿಡಿಯುವುದಿಲ್ಲ. ದಪ್ಪ 18 ಮಿ.ಮೀ ಇರಲಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ಮೇಲ್ಮೈಯೂ ನುಣುಪು. ಆದರೆ ಇಸ್ತ್ರಿಯ ಹಬೆ ಅಂಚಿನಲ್ಲಿ ಹೊಕ್ಕರೆ ಉಬ್ಬಿಕೊಳ್ಳುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ.

ಗ್ರಾನೈಟ್ ಹಾಕಿಸಿದರೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಇಳಕಲ್ಲು, ಚಾಮರಾಜನಗರ, ಕನಕಪುರದ ಕಲ್ಲು ಕೈಗೆಟುಕುವಾಗ ಆಸೆ ಸಹಜ. 20 ಮಿ.ಮೀ ಕಲ್ಲು ಒಂದು ಚದರಡಿಗೆ 5 ಕಿಲೊ ತೂಗುತ್ತದೆ, 8 ಅಡಿಗೆ 2 ಅಡಿಯ ಕಟ್ಟೆ 80 ಕಿಲೊ. ಅದೇ ಅಳತೆಯ ಪ್ಲೈವುಡ್ 16 ಕಿಲೊ. ಭಾರ ದೊಡ್ಡ ಮಾತಲ್ಲ, ಇಟ್ಟಿಗೆಯ ಕಾಲು ಕಟ್ಟಿದರಾಯಿತು. ತೊಂದರೆ ಇರುವುದು ಕೆಲಸದಲ್ಲಿ. ಉರುಳಿಸಿ ಕತ್ತರಿಸುವ ರೋಟರಿ ಕಟರಿನ ಅಲಗು ಕಲ್ಲಿಗೆ ಒಮ್ಮೆ ತಾಗಿದರೆ ಮೊಂಡು. ಕೈಜಾರಿ ಬಿದ್ದ ಕತ್ತರಿಯ ತುದಿ ಹೋಗುತ್ತದೆ. ಪಾಲಿಶ್ ಕಲ್ಲಿನ ಮೇಲೆ ರೇಷ್ಮೆ ನಿಲ್ಲುವುದಿಲ್ಲ. ಕಿಂಡಿ ಕತ್ತರಿಸಿದ ಕಡೆ ಉಳಿಯುವ ಕಿರಿದಾದ ಪಟ್ಟಿ ಸೀಳುವ ಅಪಾಯವೂ ಇದೆ. ಮಣ್ಣಿನ ಕೆಲಸ, ಮೇಣ, ಬಣ್ಣ ಮಾತ್ರ ಮಾಡುವವರಿಗೆ ಕಲ್ಲು ಚೆನ್ನ. ಬಟ್ಟೆಯವರಿಗೆ ಬೇಡ.

ಇಷ್ಟಕ್ಕೂ ಒಂದೇ ಮೇಲ್ಮೈ ಎಲ್ಲ ಕೆಲಸಕ್ಕೂ ಒದಗಲಿ ಎನ್ನುವ ಆಸೆಯೇ ತಪ್ಪು. ಕತ್ತರಿಸಲು ಗಟ್ಟಿ ಹಾಸು ಬೇಕು, ಪಿನ್ ಚುಚ್ಚಲು ಮೆತ್ತಗಿನದು, ಇಸ್ತ್ರಿಗೆ ಬಿಸಿ ತಡೆಯುವುದು, ಅಚ್ಚಿಗೆ ಎರೆದು ಗಟ್ಟಿಯಾಗಿಸುವ ರೆಸಿನ್‌ಗೆ ಅಂಟದಿರುವುದು. ಕಟ್ಟೆಯ ಕೆಲಸ ಅಲುಗದೆ, ಮಟ್ಟವಾಗಿ ನಿಲ್ಲುವುದಷ್ಟೇ. ಸವೆಯುವುದೆಲ್ಲ ಮೇಲೆ ಹಾಸಿ ತೆಗೆಯುವಂತಿರಲಿ. ಹೀಗೆ ಎರಡನ್ನೂ ಬೇರೆ ಮಾಡಿಕೊಂಡರೆ ದುಬಾರಿ ಸನ್‌ಮೈಕಾದ ಚಿಂತೆಯೇ ಕರಗುತ್ತದೆ.

ಅಲುಗದೆ ನಿಲ್ಲಬೇಕೆಂದರೆ ಕೆಳಗಿನ ಚೌಕಟ್ಟು ಸರಿಯಿರಬೇಕು. ಗೋಡೆಗೆ ಎಲ್ ಬ್ರ್ಯಾಕೆಟ್ ಹೊಡೆದು ಅದರ ಮೇಲೆ ಹಲಗೆ ಕೂರಿಸುವುದು ಸುಲಭದ ದಾರಿ. ಸುಟ್ಟ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕಿನ ಗೋಡೆಗೆ ಅದು ನಡೆಯುತ್ತದೆ. ಟೊಳ್ಳು ಬ್ಲಾಕಿನಲ್ಲಿ ಸ್ಕ್ರೂವಿನ ಪ್ಲಗ್ ಗಾಳಿಯಲ್ಲಿ ನಿಲ್ಲುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆಯಲ್ಲಿ ಹ್ಯಾಮರ್ ಡ್ರಿಲ್ ಹಾಕಿದರೆ ತೂತು ಅಗಲವಾಗಿ ಪುಡಿ ಉದುರುತ್ತದೆ. ಮಲೆನಾಡಿನ ಹಳೆಯ ಮಣ್ಣುಗೋಡೆಗಂತೂ ಯೋಚಿಸಲೂ ಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಮೆಷಿನ್ನಿನ ಅದುರು ಗೋಡೆಯ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸುತ್ತದೆ. ನೆಲಕ್ಕೆ ಕಾಲೂರಿದ ಕಬ್ಬಿಣದ ಚೌಕಟ್ಟೇ ವಾಸಿ.

ವೆಲ್ಡಿಂಗ್ ಅಂಗಡಿಗೆ ಕೊಡಬೇಕಾದ ಲೆಕ್ಕ ಹೀಗಿದೆ, 8 ಅಡಿ ಕಟ್ಟೆಗೆ. 16 ಗೇಜಿನ, ಒಂದೂವರೆ ಇಂಚು ಚೌಕದ ಪೈಪು. ಮುಂದೆ ಒಂದು, ಹಿಂದೆ ಒಂದು ಉದ್ದಪಟ್ಟಿ, ನಡುವೆ ಎರಡೆರಡು ಅಡಿಗೆ ಒಂದರಂತೆ ಐದು ಅಡ್ಡಪಟ್ಟಿ, ಆರು ಕಾಲು, ಹಿಂಬದಿ ಕೆಳಗೆ ಕಾಲುಗಳನ್ನು ಹಿಡಿದಿಡುವ ಒಂದು ಉದ್ದಪಟ್ಟಿ. ಪೈಪು 20 ಅಡಿ ಉದ್ದದಲ್ಲಿ ಬರುತ್ತದೆ, ಮೂರು ತಂದರೆ ಇಷ್ಟೂ ಆಗಿ ಸ್ವಲ್ಪ ಉಳಿಯುತ್ತದೆ. ಅಡ್ಡಪಟ್ಟಿ ದೂರವಾದಷ್ಟೂ ಹಲಗೆ ಬಾಗುತ್ತದೆ, ಅದೂ ಲೆಕ್ಕಕ್ಕೆ ಮೀರಿ: ನಡುವೆ ಒಂದು ಕಡೆ ಭಾರ ಬಿದ್ದಾಗ ಆಸರೆಯ ಅಂತರ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ. ಹಲಗೆಯ ದಪ್ಪ ಎರಡರಷ್ಟಾದರೆ ಅದೇ ಪ್ರಮಾಣದಲ್ಲಿ ಬಾಗು ತಗ್ಗುತ್ತದೆ. ಹಾಗಾಗಿ ದಪ್ಪ ಹಲಗೆಗೆ ಹಣ ಸುರಿಯುವ ಬದಲು ಇನ್ನೊಂದು ಅಡ್ಡಪಟ್ಟಿ ಹಾಕಿಸುವುದು ಅಗ್ಗದ ಉಪಾಯ.

ಕಾಲಿನ ಉದ್ದ ಕತ್ತರಿಸುವಾಗ ಬೇಕಾದ ಎತ್ತರದಿಂದ ಹಲಗೆ, ಎರಡೂ ಬದಿಯ ಸನ್‌ಮೈಕಾ ಸೇರಿ 20 ಮಿ.ಮೀ, ಮೇಲಿನ ಪಟ್ಟಿಯ ಒಂದೂವರೆ ಇಂಚು, ಅಡಿಯ ತಿರುಪು ಪಾದದ ಒಂದು ಇಂಚು ಕಳೆಯಲು ಮರೆಯಬೇಡಿ. ಮರೆತರೆ ಕಟ್ಟೆ ಮೂರು ಇಂಚಿಗೂ ಮಿಕ್ಕಿ ಎತ್ತರವಾಗಿ ಬಂದು ಕೂರುತ್ತದೆ. ತಿರುಪು ಪಾದ ಬೇಕೇ ಬೇಕು. ಹೊಸ ಮನೆಯ ಟೈಲ್ಸ್ ನೆಲವೂ ಎಂಟು ಅಡಿ ಉದ್ದಕ್ಕೆ ಒಂದಿಷ್ಟು ಏರುಪೇರು ಇರುತ್ತದೆ, ಹಳೆಯ ರೆಡ್ ಆಕ್ಸೈಡ್ ನೆಲದ ಮಾತು ಹೇಳುವುದೇ ಬೇಡ. ಚೌಕಟ್ಟು ಅಂಗಡಿಯಲ್ಲಿರುವಾಗಲೇ ಅದರ ಕರ್ಣಗಳನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ, ಎರಡೂ ಒಂದೇ ಬರಬೇಕು. ವೆಲ್ಡಿಂಗ್ ಬಿಸಿಗೆ ಪೈಪು ತಿರುಚಿಕೊಳ್ಳುತ್ತದೆ. ಮೇಲ್ಮುಖದ ವೆಲ್ಡಿಂಗ್ ಗಂಟುಗಳನ್ನು ಗ್ರೈಂಡರಿನಲ್ಲಿ ಸಪಾಟು ಮಾಡಿಸಿ. ಎರಡು ಮಿ.ಮೀ ಗಂಟು ಉಳಿದರೂ ಹಲಗೆ ಕುಂಟುತ್ತದೆ, ಸ್ಕ್ರೂ ಬಿಗಿದಾಗ ಬೆಂಡಾಗುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಎನಾಮೆಲ್ ಎರಡು ಕೋಟು ಬಿದ್ದು ಪೂರ್ತಿ ಒಣಗಿದ ಮೇಲಷ್ಟೇ ಬಟ್ಟೆ ಹತ್ತಿರ ಬರಲಿ. ಸಮುದ್ರದ ಗಾಳಿ ಬೀಸುವ ಊರಲ್ಲಿ ಬಣ್ಣ ಎದ್ದ ಒಂದು ಚುಕ್ಕೆಯಿಂದ ಇಳಿದ ತುಕ್ಕು ರೇಷ್ಮೆಯ ಮೇಲೆ ಬಿದ್ದರೆ ಹೋಗುವುದಿಲ್ಲ.

ಸನ್‌ಮೈಕಾ ಅಂಟಿಸುವುದರಲ್ಲಿ ಎಲ್ಲರೂ ಉಳಿಸಲು ನೋಡುವುದು ಅಡಿಭಾಗದ್ದನ್ನು. ಮೇಲೆ 1 ಮಿ.ಮೀ ಹಾಕಿ ಕೆಳಗೆ ಬರಿಯ ಪ್ಲೈ ಬಿಟ್ಟರೆ ಮಳೆಗಾಲದಲ್ಲಿ ಕೆಳಮೈ ತೇವ ಹೀರಿ ಹಿಗ್ಗುತ್ತದೆ, ಮೇಲ್ಮೈ ಹಿಗ್ಗುವುದಿಲ್ಲ, ಹಲಗೆ ಬಿಲ್ಲಿನಂತೆ ಬಾಗುತ್ತದೆ. ಕೆಳಗೂ 0.8 ಮಿ.ಮೀನ ಅಗ್ಗದ ಹಾಳೆ ಇರಲೇಬೇಕು. ಬಿಳಿ ಫೆವಿಕಾಲ್ ಹಾಕಿದರೆ ಸಮನಾಗಿ ಭಾರ ಹೇರಿ ಒಂದು ದಿನ ಪೂರ್ತಿ ಬಿಡಬೇಕು. ರಬ್ಬರ್ ಅಂಟಾದರೆ ಎರಡೂ ಮೈಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು ಆಮೇಲೆ ಜೋಡಿಸಬೇಕು. ಅದು ಮುಟ್ಟಿದ ಕೂಡಲೇ ಹಿಡಿಯುತ್ತದೆ, ಸರಿಸಲಾಗದು. ನಡುವೆ ಕಡ್ಡಿಗಳನ್ನಿಟ್ಟು ಒಂದೊಂದೇ ಎಳೆಯುತ್ತ, ನಡುವಿನಿಂದ ಅಂಚಿಗೆ ಒತ್ತುತ್ತ ಹೋಗುವುದು ಕ್ರಮ. ಒಂದು ಮರಳಿನ ಕಾಳು ಸಿಕ್ಕಿಹಾಕಿಕೊಂಡರೂ ಅಲ್ಲಿ ಶಾಶ್ವತ ಮೊಡವೆ. ಹಾಳೆಯನ್ನು ಸುತ್ತಲೂ 5 ಮಿ.ಮೀ ದೊಡ್ಡದಾಗಿ ಕತ್ತರಿಸಿಕೊಂಡು ಆಮೇಲೆ ಸವರಿದರೆ ಅಂಚು ಕಚ್ಚಿಹೋಗುವುದಿಲ್ಲ.

ಬಣ್ಣ ಈಗ ಬರಲಿ. ಹೊಳಪಿನದು ಬೇಡ, ದೀಪ ಕಣ್ಣಿಗೆ ಹೊಡೆಯುತ್ತದೆ, ಬಟ್ಟೆ ಜಾರುತ್ತದೆ. ಮ್ಯಾಟ್ ಇರಲಿ. ಅಚ್ಚ ಬಿಳಿಯಲ್ಲಿ ಬಿಳಿ ದಾರ, ಕಪ್ಪಿನಲ್ಲಿ ಕಪ್ಪು ದಾರ ಕಾಣದು. ನಡುವಿನ ಬೂದು, ಮರಳು ಬಣ್ಣದಲ್ಲಿ ಎರಡೂ ಕಾಣುತ್ತವೆ, ಬಿದ್ದ ಗುಂಡುಪಿನ್ನೂ ಕಾಣುತ್ತದೆ.

ಅಂಚು ಬಟ್ಟೆಯವರ ಜೀವಾಳ. ಪಿವಿಸಿ ಪಟ್ಟಿ ಅಂಟಿಸಿದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಏಳುತ್ತದೆ, ಷಿಫಾನ್ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲು ತೇಗದ ಬೀಡಿಂಗ್ (ಅಂಚಿನ ಮರದ ಪಟ್ಟಿ) ಹೊಡೆಸಿ, ಅದನ್ನು ಹಲಗೆಯ ಮಟ್ಟಕ್ಕೆ ಹತ್ತರಿ ಹಾಕಿಸಿ, ಸನ್‌ಮೈಕಾವನ್ನು ಬೀಡಿಂಗಿನ ಮೇಲೂ ಬರುವಂತೆ ಅಂಟಿಸಿ, ಕೊನೆಗೆ ಅಂಚನ್ನು ಓರೆಯಾಗಿ ಸವರಿಸುವುದು ಒಳ್ಳೆಯದು. ಹಾಳೆಯ ಕಂದು ಗೆರೆ ಅಂಚಿನಲ್ಲಿ ಕಾಣುತ್ತದೆ, ಕಾಣಲಿ. ಮೇಲ್ಮೈಯಲ್ಲಿ ಸಂದು ಎಂಬುದೇ ಇರುವುದಿಲ್ಲ. ಬೀಡಿಂಗನ್ನು 120, 180, 240 ನಂಬರಿನ ಉಪ್ಪು ಕಾಗದದಲ್ಲಿ ಸಾಲಾಗಿ ಉಜ್ಜಿ, ಷಿಫಾನ್ ಚೂರೊಂದನ್ನು ಅಂಚಿನುದ್ದಕ್ಕೂ ಎಳೆದು ನೋಡಿ. ಎಲ್ಲಿ ತಡೆಯಿತೋ ಅಲ್ಲಿ ಇನ್ನೊಮ್ಮೆ ಉಜ್ಜಬೇಕು. ಹಲಗೆ ಚೌಕಟ್ಟಿನಿಂದ ಮುಂದಕ್ಕೆ 2–3 ಇಂಚು ಚಾಚಿರಲಿ. ಕುಚ್ಚಿನ ಸೀರೆ ಹಿಡಿಯುವ ಕ್ಲ್ಯಾಂಪು, ಆರಿ ಚೌಕಟ್ಟಿನ ಕ್ಲ್ಯಾಂಪು ಕಚ್ಚಿಕೊಳ್ಳುವುದು ಈ ಚಾಚಿನಲ್ಲೇ. ಚೆಂದಕ್ಕೆಂದು ಮುಂದೆ ನಾಲ್ಕು ಇಂಚಿನ ಪಟ್ಟಿ ಇಳಿಬಿಡುವವರಿದ್ದಾರೆ, ಆಮೇಲೆ ಸಣ್ಣ ಕ್ಲ್ಯಾಂಪು ಯಾವುದೂ ಕೂರುವುದಿಲ್ಲ.

ಹಲಗೆ ಕೂರಿಸುವಾಗ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ಪಾದ ತಿರುಗಿಸಿ. ರೆಸಿನ್ ಎರೆಯುವವರು ಇಲ್ಲಿ ಅವಸರ ಮಾಡಬಾರದು, ಅಚ್ಚಿನ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗೆ ಬರುವುದು ಮಟ್ಟ ತಪ್ಪಿದ್ದರಿಂದ. ಸ್ಕ್ರೂ ಕೆಳಗಿನಿಂದ, ಪೈಪು ದಾಟಿ ಹಲಗೆಗೆ ಹೋಗಬೇಕು: ಒಂದೂವರೆ ಇಂಚಿನ ಪೈಪಿಗೆ ಎರಡು ಇಂಚಿನ ಸ್ಕ್ರೂ ಹಾಕಿದರೆ ಹಲಗೆಯೊಳಗೆ 12–13 ಮಿ.ಮೀ ಹಿಡಿಯುತ್ತದೆ. ಎರಡೂವರೆಯದು ಹಾಕಿದರೆ ಸನ್‌ಮೈಕಾ ಸೀಳಿಕೊಂಡು ಮೇಲೆ ಬರುತ್ತದೆ. ಗೋಡೆಗೂ ಹಲಗೆಗೂ ಅರ್ಧ ಇಂಚು ಅಂತರ ಬಿಡಿ. ಗೋಡೆ ಎಂದೂ ನೇರ ಇರುವುದಿಲ್ಲ, ಮಳೆಗಾಲದಲ್ಲಿ ಬೆವರುತ್ತದೆ ಕೂಡ. ಪಿನ್ನು, ಬಾಬಿನ್ ಆ ಸಂದಿಗೆ ಬೀಳದಂತೆ ಹಿಂದಿನ ಅಂಚಿಗೆ ಒಂದು ಇಂಚಿನ ಪಟ್ಟಿ ನಿಲ್ಲಿಸಿದರಾಯಿತು.

ಕರೆಂಟಿನ ಕೆಲಸ ಕಟ್ಟೆಗೂ ಮುಂಚೆ ಮುಗಿಯಬೇಕು. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ 1380 ವ್ಯಾಟ್ ತಡೆಯುತ್ತದೆ. 1000 ವ್ಯಾಟಿನ ಸಾದಾ ಇಸ್ತ್ರಿಗೆ ಸಾಕು. 2000 ವ್ಯಾಟಿನ ಸ್ಟೀಮ್ ಇಸ್ತ್ರಿ, ಹೀಟ್ ಗನ್‌ಗೆ 16 ಆಂಪಿಯರ್ ಸಾಕೆಟ್ ಬೇಕು. ಮೆಷಿನ್, ಇಸ್ತ್ರಿ, ಗ್ಲೂ ಗನ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಬೋರ್ಡು ಬಿಸಿಯಾಗಿ ಕರಗಬಹುದು. ಸಾಕೆಟ್ ಕಟ್ಟೆಯ ಮೇಲ್ಮೈಯಿಂದ ಆರು ಇಂಚು ಮೇಲಿದ್ದರೆ ಹರಡಿದ ಬಟ್ಟೆ ಮುಚ್ಚುವುದಿಲ್ಲ. ದೀಪ ಬೆನ್ನ ಹಿಂದಿನ ಟ್ಯೂಬ್‌ಲೈಟ್ ಒಂದೇ ಆದರೆ ನಿಮ್ಮ ನೆರಳು ಗೆರೆಯ ಮೇಲೇ ಬೀಳುತ್ತದೆ. ಶೆಲ್ಫಿನ ಕೆಳಗೆ, ಅದರ ಮುಂದಂಚಿನಲ್ಲಿ, 4000 ಕೆಲ್ವಿನ್‌ನ ಎಲ್‌ಇಡಿ ಪಟ್ಟಿ ಹಾಕಿಸಿ, ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ) 90 ಎಂದಿರುವುದನ್ನು ನೋಡಿ ತನ್ನಿ. ಅಗ್ಗದ ಬೆಳಕಲ್ಲಿ ಮರೂನ್ ದಾರವೂ ಕಂದು ದಾರವೂ ಒಂದೇ ಥರ ಕಂಡು, ಹಗಲಲ್ಲಿ ನೋಡಿದಾಗ ಬೇರೆಯಾಗಿರುತ್ತವೆ.

ಹಾಸುಗಳ ವಿಷಯ ಚಿಕ್ಕದು. ರೋಟರಿ ಕಟರಿಗೆ ಎ1 ಅಳತೆಯ ಕಟಿಂಗ್ ಮ್ಯಾಟ್, 841ಕ್ಕೆ 594 ಮಿ.ಮೀ. ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟರೆ, ಬಿಸಿಲಲ್ಲಿ ಬಿಟ್ಟರೆ ಅಲೆಯಂತೆ ಏಳುತ್ತದೆ, ಮತ್ತೆ ಸಪಾಟಾಗುವುದಿಲ್ಲ. ಪಿನ್ ಚುಚ್ಚಲು 12 ಮಿ.ಮೀ ಸಾಫ್ಟ್ ಬೋರ್ಡಿಗೆ ಕ್ಯಾನ್ವಾಸ್ ಬಿಗಿದ ಹಲಗೆ. ಗ್ಲೂ ಗನ್ ಇಡಲು, ಮೇಣ ಕರಗಿಸಲು ಮನೆ ಕಟ್ಟಿದಾಗ ಉಳಿದ ಎರಡಡಿ ವಿಟ್ರಿಫೈಡ್ ಟೈಲ್ಸ್ ಒಂದು, ಅಡಿಗೆ ಫೆಲ್ಟ್ ಅಂಟಿಸಿಕೊಂಡು. ರೆಸಿನ್‌ಗೆ ಸಿಲಿಕಾನ್ ಹಾಸು. ಇಸ್ತ್ರಿಗೆ ಉಣ್ಣೆ ಕಂಬಳಿ ನಾಲ್ಕು ಮಡಿಕೆ, ಮೇಲೊಂದು ಒಗೆದ ಹತ್ತಿ ಬಟ್ಟೆ. ಸನ್‌ಮೈಕಾ ಸ್ವಲ್ಪ ಹೊತ್ತು ಬಿಸಿ ತಡೆದರೂ ಅದರಡಿಯ ರಬ್ಬರ್ ಅಂಟು ಬೇಗ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಮುಂದಂಚಿಗೆ ಅಳತೆ ಟೇಪು ಅಂಟಿಸುವ ಆಸೆಯಿದ್ದರೆ ಬಟ್ಟೆಯ ಟೇಪು ಬೇಡ, ಅದು ಎಳೆದಂತೆ ಹಿಗ್ಗುತ್ತದೆ. ಸ್ಟೀಲ್ ಸ್ಕೇಲಿನಿಂದ ಅಳೆದು ಬೀಡಿಂಗಿನ ಮೇಲೆ ಪೆನ್ಸಿಲ್ ಗುರುತು ಹಾಕಿ, ಅದರ ಮೇಲೆ ವಾರ್ನಿಷ್ ಬಳಿಯಿರಿ.

ಹೊಸ ಪ್ಲೈ, ಅಂಟು, ಎನಾಮೆಲ್ ಮೂರರ ವಾಸನೆಯೂ ಹೋಗಲು ವಾರವಿಡೀ ಕಿಟಕಿ ತೆರೆದಿಡಿ. ರೇಷ್ಮೆ ಸೀರೆಗಳನ್ನು ಅಷ್ಟರವರೆಗೆ ಆ ಕೋಣೆಗೆ ತರಬೇಡಿ, ವಾಸನೆ ಹಿಡಿಯುತ್ತವೆ. ಮೊದಲ ಮಳೆಗಾಲ ಕಳೆದ ಮೇಲೆ ಕೆಳಗೆ ಕೂತು ಸ್ಕ್ರೂಗಳನ್ನೆಲ್ಲ ಒಂದು ಸುತ್ತು ಬಿಗಿದು, ರಸಮಟ್ಟ ಇನ್ನೊಮ್ಮೆ ಇಟ್ಟು ನೋಡಿ. ತೂಗು ಹಲಗೆಯ ನಟ್ಟುಗಳು ಮೆಷಿನ್ನಿನ ಅದುರಿಗೆ ಇಳಿದಿರುತ್ತವೆ, ಪ್ರತಿ ರಾಡಿಗೂ ಒಂದರ ಬದಲು ಎರಡೆರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದರೆ ಜಾರುವುದಿಲ್ಲ.